ಉಮಾಶ್ರೀ ಅಂದ್ರೆ ಬರೀ ಸಿನಿಮಾ ಅಲ್ಲ

ಸಂಪಾದಕರೇ,

ಉಮಾಶ್ರೀ ಬಗ್ಗೆ ಬರೆಯುವಾಗಲೆಲ್ಲ ಸಿನಿಮಾ ಹಾಸ್ಯ, ರಾಷ್ಟ್ರಪ್ರಶಸ್ತಿ, ಮಂತ್ರಿಗಿರಿ, ಇಷ್ಟೇ. ನಾಟಕ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ಅನ್ಯಾಯ ಅಲ್ವಾ?

ದೇವನೂರ ಮಹಾದೇವ ಅವರ 'ಒಡಲಾಳ' ಕಿರುಕಾದಂಬರಿಯನ್ನು ನಿರ್ದೇಶಕ ಸಿಜಿಕೆ (ಸಿ.ಜಿ. ಕೃಷ್ಣಸ್ವಾಮಿ) ರಂಗಕ್ಕೆ ತಂದಾಗ ಸಾಕವ್ವ ಆದದ್ದು ಉಮಾಶ್ರೀಯೇ. ಕಳೆದುಹೋದ ಒಂದು ಹುಂಜ ಹುಡುಕಿಕೊಂಡು ಅಲೆಯುವ ಮುದುಕಿ, ಅಷ್ಟೇ ಪಾತ್ರ. ನಾನು ನೋಡಿದ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ಬಾಗಿಸಿ, ಕಂಡಕಂಡವರಿಗೆಲ್ಲ ಶಾಪ ಹಾಕುತ್ತಾ ಬಂದಾಗ ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಅದೇ ದನಿ ಸಣ್ಣಗೆ ಒಡೆದಾಗ ನನ್ನ ಪಕ್ಕದವರು ಕಡಲೆಕಾಯಿ ಬಿಡಿಸುವುದನ್ನೇ ನಿಲ್ಲಿಸಿದರು. ಹಸಿವನ್ನು ಅವರು ಅತ್ತು ತೋರಿಸುವುದಿಲ್ಲ. ಬೈದು ತೋರಿಸುತ್ತಾರೆ.

ಒಂದು ತಕರಾರೂ ಇದೆ. ಕೆಲವು ಕಡೆ ದನಿ ಜಾಸ್ತಿ ಏರುತ್ತದೆ. ಹಿಂದಿನ ಸಾಲಿಗೂ ಕೇಳಲಿ ಅನ್ನುವ ಅಭ್ಯಾಸ ಇರಬೇಕು. ಕೈಬೆರಳುಗಳೇ ಅಷ್ಟು ಮಾತಾಡುವಾಗ ಸುಮ್ನೆ ಕೂಗುವುದು ಯಾಕೆ?

'ಶರ್ಮಿಷ್ಠೆ' ಏಕವ್ಯಕ್ತಿ ನಾಟಕದಲ್ಲಂತೂ ಒಬ್ಬರೇ ಇಡೀ ರಂಗ ತುಂಬುತ್ತಾರೆ. ನಿಮ್ಮ ಪುಟಗಳಲ್ಲಿ ಅದರ ವಿಮರ್ಶೆ ಹುಡುಕಿದೆ. 'ನಗರದಲ್ಲಿ ಇಂದು' ಪಟ್ಟಿಯಲ್ಲಿ ಎರಡು ಸಾಲು ಸಿಕ್ಕಿತು.

– ಒಬ್ಬ ಓದುಗ, ಮೈಸೂರು