ಭಾನುವಾರದ ಗ್ರಾವಿಟಿ ಸರ್ವೆ: ಹೊರಡೋ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಗುರುತ್ವದ (ಭೂಮಿಯ ಸೆಳೆತದ) ಸಣ್ಣ ವ್ಯತ್ಯಾಸ ಅಳೆದು, ಕೆಳಗೆ ಸ್ತರಭಂಗ (ಬಂಡೆ ಸೀಳಿ ಜರುಗಿದ ಜಾಗ) ಇದೆಯಾ ನೋಡೋದೇ ಈ ಸರ್ವೆ. ಬೆಳಗ್ಗೆ 5ಕ್ಕೇ ಶುರು ಮಾಡೋಣ. ಆಮೇಲೆ ಲಾರಿ ಹೋದಾಗಲೆಲ್ಲ ರೀಡಿಂಗ್ ಕುಣಿಯುತ್ತೆ.

ಸ್ತರಭಂಗ ಇರಬಹುದು ಅನ್ನೋ ಗೆರೆಗೆ ಅಡ್ಡಲಾಗಿ ಸಾಲು ಹಿಡೀರಿ, 20 ಮೀಟರಿಗೊಂದು ಪಾಯಿಂಟ್. ಗಂಟೆಗೊಮ್ಮೆ ಬೇಸ್‌ಗೆ (ಶುರು ಮಾಡಿದ ಪಾಯಿಂಟಿಗೆ) ಬಂದು ಮತ್ತೆ ಓದಿ, ಇಲ್ಲದಿದ್ದರೆ ಡ್ರಿಫ್ಟ್ (ಹೊತ್ತು ಹೋದಂತೆ ರೀಡಿಂಗ್ ತಾನೇ ಸರಿಯೋದು) ಲೆಕ್ಕ ಸಿಗಲ್ಲ.

ಎಡವೋದು ಪಾಯಿಂಟಿನ ಎತ್ತರ ಅಳೆಯೋದ್ರಲ್ಲೇ. ಬೂಗೇ ತಿದ್ದುಪಡಿ (ಎತ್ತರದ ನಡುವಿನ ಬಂಡೆಯ ಸೆಳೆತದ ಲೆಕ್ಕ) ಸೇರಿ ಎತ್ತರದ ಪ್ರತಿ ಮೀಟರಿಗೆ ರೀಡಿಂಗ್‌ನಲ್ಲಿ ಸುಮಾರು 0.197 ಮಿಲಿಗ್ಯಾಲ್ (ಗುರುತ್ವ ಅಳೆಯೋ ಮಾನ) ವ್ಯತ್ಯಾಸ, 5 ಸೆಂ.ಮೀ. ತಪ್ಪಿದರೆ 0.01 ಹೋಯ್ತು. ಮೊಬೈಲ್ ಜಿಪಿಎಸ್ ಬೇಡವೇ ಬೇಡ, ಎತ್ತರ ಅಳೆಯೋ ಆಟೋ ಲೆವೆಲ್ ತನ್ನಿ. ಸಂಪಿನ ಮುಚ್ಚಳದ ಮೇಲೂ ಗ್ರಾವಿಟಿ ಮೀಟರ್ ಇಡಬೇಡಿ: 6,000 ಲೀಟರ್ ಸಂಪು 2 ಮೀಟರ್ ಕೆಳಗಿದ್ದರೆ, ತುಂಬಿದ್ದಕ್ಕೂ ಖಾಲಿಗೂ ಹತ್ತಿರಹತ್ತಿರ ಅದೇ 0.01 ಮಿಲಿಗ್ಯಾಲ್ ವ್ಯತ್ಯಾಸ!

ನಾವು ಹುಡುಕೋದು ಗ್ರಾಫ್‌ನಲ್ಲಿ ಮೆಟ್ಟಿಲಿನಂಥ ಇಳಿತ. ಒಂದು ಬದಿ ಶಿಥಿಲ ಬಂಡೆ 10 ಮೀಟರ್ ಹೆಚ್ಚು ದಪ್ಪಗಿದ್ದು, ಅದರ ಸಾಂದ್ರತೆ ಗಟ್ಟಿ ಬಂಡೆಗಿಂತ ಘನ ಸೆಂ.ಮೀ.ಗೆ 0.6 ಗ್ರಾಂ ಕಡಿಮೆ ಇದ್ದರೆ ಸುಮಾರು 0.25 ಮಿಲಿಗ್ಯಾಲ್ ಇಳಿಯುತ್ತೆ. ಕಿರಿದಾದ ಉಬ್ಬು ಕಂಡರೆ ಕುಣಿದಾಡಬೇಡಿ, ಅದು ಡಾಲರೈಟ್ ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಭಾರದ ಕಪ್ಪು ಬಂಡೆಯ ಗೋಡೆ) ಇರಬಹುದು. ಬಿಡದಿ, ಹಾರೋಹಳ್ಳಿ ಕಡೆ ಅವು ಬೇಕಾದಷ್ಟಿವೆ. ಎರಡೂ ಬದಿ ಒಂದೇ ಗಟ್ಟಿ ನೈಸ್ (gneiss) ಬಂಡೆ ಆದರೆ ಸ್ತರಭಂಗವಿದ್ದರೂ ಗ್ರಾಫ್ ಸಪಾಟು. ಅಂಥ ಕಡೆ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ಕರೆಂಟ್ ಹಾಯಿಸಿ ನೋಡೋದು) ಹಾಕೋಣ.