ಹಾರ್ಡ್‌ಟೇಲ್‌ಗೆ ಎಷ್ಟು ಟ್ರಾವೆಲ್‌ನ ಫೋರ್ಕ್?

ಎಲ್ಲರಿಗೂ ನಮಸ್ಕಾರ. ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಬದಲಾಯಿಸುವ ಯೋಚನೆಯಲ್ಲಿರುವವರು ದುಡ್ಡು ಕೊಡುವ ಮುಂಚೆ ದಯವಿಟ್ಟು ಇದನ್ನೊಮ್ಮೆ ಓದಿ.

ಟ್ರಾವೆಲ್ (ಫೋರ್ಕ್ ಕುಗ್ಗಬಲ್ಲ ದೂರ) ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವ ಮಾತು ಹಾರ್ಡ್‌ಟೇಲ್‌ಗೆ ಹೊಂದುವುದಿಲ್ಲ. ಹಿಂದೆ ಸಸ್ಪೆನ್ಷನ್ ಇಲ್ಲವಲ್ಲ, ಹಾಗಾಗಿ ಫೋರ್ಕ್ ಕುಗ್ಗಿದಾಗ ಮುಂಭಾಗವಷ್ಟೇ ಕೆಳಗಿಳಿದು ಹೆಡ್ ಆಂಗಲ್ (ಫ್ರೇಮಿನ ಮುಂದಿನ ಕೊಳವೆಯಾದ ಹೆಡ್ ಟ್ಯೂಬ್ ನೆಲದೊಂದಿಗೆ ಮಾಡುವ ಕೋನ) ಕಡಿದಾಗುತ್ತದೆ. ಟ್ರಾವೆಲ್ ಉದ್ದವಾದಷ್ಟೂ ಈ ವಾಲಾಟ ಹೆಚ್ಚು. ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ, ಅಂದರೆ ಸ್ಥಿರತೆ ತುಂಬಾ ಬೇಕಾದ ಹೊತ್ತಿನಲ್ಲೇ, ಇದು ಕಾಡುತ್ತದೆ.

ಈಗಿರುವುದಕ್ಕಿಂತ 20 ಮಿ.ಮೀ. ಉದ್ದದ ಫೋರ್ಕ್ ಹಾಕಿದರೆ ಹೆಡ್ ಆಂಗಲ್ ಸುಮಾರು 1 ಡಿಗ್ರಿ ಮಲಗುತ್ತದೆ. ಸೀಟ್ ಟ್ಯೂಬ್ ಕೂಡ ಅಷ್ಟೇ ಹಿಂದಕ್ಕೆ ವಾಲುತ್ತದೆ, ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ) ಮೇಲೇರುತ್ತದೆ. ಕಡಿದಾದ ಏರು ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ಅಲೆಯುವುದು ಇದರಿಂದಲೇ.

ಕ್ರಾಸ್ ಕಂಟ್ರಿಗೆ 100 ಮಿ.ಮೀ. ಸಾಕು. ಎಲ್ಲ ಬಗೆಯ ಟ್ರೇಲ್ ಓಡಿಸುವವರಿಗೆ 120–130 ನನ್ನ ಆಯ್ಕೆ. 140ಕ್ಕೆ ಹೋಗುವುದಾದರೆ ಫ್ರೇಮ್ ಅದಕ್ಕೆಂದೇ ವಿನ್ಯಾಸಗೊಂಡಿರಬೇಕು. ಫ್ರೇಮ್ ತಯಾರಕರು ಹೇಳಿದ ಗರಿಷ್ಠ ಮಿತಿಯನ್ನು ಖಂಡಿತ ಮೀರಬೇಡಿ: ಉದ್ದದ ಫೋರ್ಕ್ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಹೆಚ್ಚಿನ ಒತ್ತಡ ಹಾಕುತ್ತದೆ.

ಹೋಲಿಸುವಾಗ ಟ್ರಾವೆಲ್ ಅಷ್ಟೇ ನೋಡದೆ ಆಕ್ಸಲ್‌ನಿಂದ ಕ್ರೌನ್‌ವರೆಗಿನ ಉದ್ದವನ್ನೂ (ಚಕ್ರದ ಅಚ್ಚಿನಿಂದ ಫೋರ್ಕ್ ಕಾಲುಗಳು ಮೇಲೆ ಸೇರುವ ಜಾಗದವರೆಗೆ) ನೋಡಿ. 27.5 ಇಂಚಿನ ಚಕ್ರದ ಫೋರ್ಕ್‌ಗೂ 29ರದಕ್ಕೂ ಟ್ರಾವೆಲ್ ಒಂದೇ ಇದ್ದರೂ ಈ ಅಳತೆ ಬೇರೆ.

ಹಲವು ಏರ್ ಫೋರ್ಕ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ ಮಾತ್ರ ಬದಲಿಸಿ ಟ್ರಾವೆಲ್ ಹೆಚ್ಚುಕಡಿಮೆ ಮಾಡಬಹುದು. ಅದಕ್ಕೂ ಮೊದಲು ಸ್ಯಾಗ್ (ಸವಾರ ಹತ್ತಿದಾಗ ಅವರ ತೂಕಕ್ಕೇ ಫೋರ್ಕ್ ಕುಗ್ಗುವ ಪ್ರಮಾಣ) ಟ್ರಾವೆಲ್‌ನ 20 ಶೇಕಡಾ ಆಸುಪಾಸಿಗೆ ಹೊಂದಿಸಿ ಒಂದೆರಡು ವಾರ ಓಡಿಸಿ ನೋಡಿ. ಫ್ರೇಮ್ ಮಾದರಿ, ಈಗಿನ ಟ್ರಾವೆಲ್ ಇಲ್ಲಿ ಬರೆಯಿರಿ, ಕೂತು ಲೆಕ್ಕ ಹಾಕೋಣ.