ಒಂದು ವರ್ಷ ಆಯ್ತು, ಗ್ಯಾಸ್ ಮಾತ್ರೆಗೂ ಸೇರಿಸಿ ಥ್ಯಾಂಕ್ಸ್

ನಮ್ಮಮ್ಮನ ಕಿಡ್ನಿ ನನ್ನ ಹೊಟ್ಟೆ ಒಳಗೆ ಬಂದು ಕೂತು ಇವತ್ತಿಗೆ ಒಂದು ವರ್ಷ. ಕಿಡ್ನಿ ಹೆಂಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.2 ಇದೆ, ಎರಡೂವರೆ ವರ್ಷ ವಾರಕ್ಕೆ ಮೂರು ಸಲ ತಾಲೂಕು ಆಸ್ಪತ್ರೇಲಿ ಡಯಾಲಿಸಿಸ್‌ಗೆ ಮಲಗಿದ್ದೋನಿಗೆ ಆ ನಂಬರ್ ನೋಡಿದ್ರೆ ಈಗ್ಲೂ ನಂಬಿಕೆ ಬರಲ್ಲ. ಅಮ್ಮಂಗೆ ಥ್ಯಾಂಕ್ಸ್ ಹೇಳೋಕೆ ಹೋದ್ರೆ "ಸುಮ್ನೆ ಊಟಕ್ಕೆ ಬಾರೋ" ಅಂತಾಳೆ, ಅದಕ್ಕೆ ಅವಳ ವಿಷಯ ಇಲ್ಲಿಗೇ ಬಿಟ್ಟೆ. ಬರೀತಿರೋದು ಆಪರೇಷನ್ ಆಗಿ ಏಳನೇ ವಾರ ನಾನೇ ಮಾಡ್ಕೊಂಡ ಎಡವಟ್ಟಿಂದ ನನ್ನ ಉಳಿಸಿದೋರ ಬಗ್ಗೆ.

ಡಿಸ್ಚಾರ್ಜ್ ದಿನ ಒಂದು ಚೀಲ ಮಾತ್ರೆ ಕೊಟ್ಟಿದ್ರು. ಹೊಸ ಕಿಡ್ನಿನ ಮೈ ಹೊರಗಿನದು ಅಂತ ತಿರಸ್ಕರಿಸ್ದೇ ಇರ್ಲಿ ಅಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್, ಇನ್ಫೆಕ್ಷನ್ ಬರ್ದೇ ಇರ್ಲಿ ಅಂತ ಎರಡು, ಬಿಪಿಗೆ ಒಂದು, ಕೊನೇಲಿ ಹೊಟ್ಟೆ ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ 40, ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ. ಮೊದಲಿನವು ತಪ್ಪಿಸಿದ್ರೆ ಕಿಡ್ನಿ ಹೋಗುತ್ತೆ ಅಂತ ಭಯ ಇತ್ತು, ಕೊನೇದು ಗ್ಯಾಸ್ ಮಾತ್ರೆ ತಾನೇ, ನಮ್ಮ ಕಡೆ ಬೀಗರೂಟ ಮುಗಿಸಿ ಬಂದೋರೂ ನುಂಗ್ತಾರೆ. ಅಷ್ಟೊತ್ತಿಗೆ ವಾಟ್ಸಾಪಲ್ಲಿ ಗ್ಯಾಸ್ ಮಾತ್ರೆಯಿಂದ ಕಿಡ್ನಿ ಹಾಳು ಅಂತ ಒಂದು ಫಾರ್ವರ್ಡ್ ಬಂತು. ಅದು ಪೂರ್ತಿ ಸುಳ್ಳೂ ಅಲ್ಲ, ಆ ಮಾತ್ರೆಯಿಂದ ಕೆಲವರಿಗೆ ಕಿಡ್ನಿ ಊತ ಬರೋದು ಇದೆ ಅಂತ ಆಮೇಲೆ ಡಾಕ್ಟ್ರೇ ಹೇಳಿದ್ರು, ಆದ್ರೆ ನನಗೆ ಯಾಕೆ ಕೊಟ್ಟಿದ್ದಾರೆ ಅಂತ ಕೇಳೋ ಬುದ್ಧಿ ಬರ್ದೆ ನಾನೇ ನಿಲ್ಲಿಸ್ಬಿಟ್ಟೆ.

ಹನ್ನೆರಡು ದಿನ ಆಗಿರ್ಬೇಕು, ಸುಸ್ತು ಶುರುವಾಯ್ತು, ಕಕ್ಕಸು ಡಾಂಬರಿನ ಥರ ಕಪ್ಪಗೆ. ಹೊಟ್ಟೆನೋವು ಅಂತ ಹೇಳ್ಕೊಳ್ಳೋಷ್ಟು ಇರ್ಲೇ ಇಲ್ಲ. ಕಬ್ಬಿಣದ ಮಾತ್ರೆಗೂ ಹಂಗಾಗುತ್ತೆ ಅಂತ ಸಮಾಧಾನ ಮಾಡ್ಕೊಂಡೆ, ನಾನು ಕಬ್ಬಿಣದ ಮಾತ್ರೆನೇ ತಗೊಳ್ತಿರ್ಲಿಲ್ಲ ಅನ್ನೋದು ಹೊಳೀಲೇ ಇಲ್ಲ ನೋಡಿ!

ಮೊದಲನೇ ಥ್ಯಾಂಕ್ಸ್ ನಮ್ಮ ಡಯಾಲಿಸಿಸ್ ಟೆಕ್ನಿಷಿಯನ್ ಅಣ್ಣಂಗೆ. ಹೆಂಗಿದೀಯ ಅಂತ ಕೇಳೋಕೆ ಸುಮ್ನೆ ಫೋನ್ ಮಾಡಿದ್ದು ಅವ್ರು, ನಾನು ಮಾತಿನ ಮಧ್ಯೆ ಹೇಳಿದ್ದಕ್ಕೆ "ಅಂಟಂಟಾಗಿದ್ಯಾ? ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತಾ?" ಅಂತ ಎರಡೇ ಪ್ರಶ್ನೆ ಕೇಳಿ "ಈಗ್ಲೇ ಬೆಂಗಳೂರಿಗೆ ಹೊರಡು, ಬೆಳಗಾಗ್ಲಿ ಅಂತ ಕಾಯ್ಬೇಡ" ಅಂದ್ರು. ರಾತ್ರಿ ಹತ್ತೂವರೇಲಿ ಒಂದು ಮಾತೂ ಕೇಳ್ದೆ ಕಾರ್ ತೆಗೆದ ಪಕ್ಕದ್ಮನೆ ಮಾವಂಗೆ ಎರಡನೇದು, ಡೀಸೆಲ್ ದುಡ್ಡು ಇವತ್ತಿಗೂ ತಗೊಂಡಿಲ್ಲ.

ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಎಂಡೋಸ್ಕೋಪಿಲಿ ಹುಣ್ಣಿಂದ ರಕ್ತ ಜಿನುಗ್ತಿರೋದು ಕಾಣ್ತು, ಅಲ್ಲೇ ಇಂಜೆಕ್ಷನ್ ಕೊಟ್ಟು ಕ್ಲಿಪ್ ಹಾಕಿದ್ರು, ಯಾವ ಮಾತ್ರೆ ಬಿಟ್ಟಿದ್ನೋ ಅದನ್ನೇ ಡ್ರಿಪ್ಪಲ್ಲಿ ಹರಿಸಿದ್ರು. ಎರಡು ಬಾಟಲ್ ರಕ್ತ, ಅದೂ ಬಿಳಿ ರಕ್ತಕಣ ಸೋಸಿದ್ದು, ಯಾಕಂದ್ರೆ ಬೇರೆಯೋರ ಬಿಳಿಕಣ ಒಳಗೆ ಹೋದ್ರೆ ಕಿಡ್ನಿ ವಿರುದ್ಧ ಆಂಟಿಬಾಡಿ ಹುಟ್ಟಬಹುದಂತೆ. ಆ ರಕ್ತ ಕೊಟ್ಟ ಇಬ್ರು ಯಾರೋ ಏನೋ, ಇದನ್ನ ಓದ್ತಿದ್ರೆ ನಿಮಗೆ ದೊಡ್ಡ ನಮಸ್ಕಾರ.

ಬೈಯ್ತಾರೆ ಅಂದ್ಕೊಂಡಿದ್ದ ಡಾಕ್ಟರ್ ಮೇಡಂ ಚೇರ್ ಎಳ್ಕೊಂಡು ಕೂತು ಬಿಡಿಸಿ ಹೇಳಿದ್ರು. ದೊಡ್ಡ ಆಪರೇಷನ್ ಆದಾಗ ಹೊಟ್ಟೆ ಒಳಪದರಕ್ಕೆ ರಕ್ತ ಓಡಾಟ ಕಮ್ಮಿಯಾಗಿ ಆಸಿಡ್ ತಡ್ಕೊಳ್ಳೋ ಶಕ್ತಿ ಕುಗ್ಗುತ್ತೆ, ಮೇಲಿಂದ ಸ್ಟೀರಾಯ್ಡ್ ಗಾಯ ಮಾಯೋಕೆ ಬಿಡಲ್ಲ, ನೋವನ್ನೂ ಮುಚ್ಚಿಡುತ್ತೆ, ಮೈಕೋಫಿನೋಲೇಟ್‌ಗೂ ಹೊಟ್ಟೆ ಕೆರಳಿಸೋ ಗುಣ ಇದೆ. ಹಿಂದೆ ಕಸಿ ಮಾಡಿದ ಕಿಡ್ನಿ ಚೆನ್ನಾಗಿದ್ರೂ ಹೊಟ್ಟೆ ಹುಣ್ಣು ಒಡೆದು ಸತ್ತೋರು ಇದ್ರಂತೆ. 1976ರಲ್ಲಿ ಸಿಮೆಟಿಡೀನ್ ಅನ್ನೋ ಆಸಿಡ್ ಕಮ್ಮಿ ಮಾಡೋ ಮಾತ್ರೆ ಬ್ರಿಟನ್‌ನಲ್ಲಿ ಬಂದ್ಮೇಲೆ ಡಾಕ್ಟ್ರುಗಳ ಕೈಗೆ ಒಂದು ಆಯುಧ ಸಿಕ್ತು. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್, 1954ರಲ್ಲೇ ಬಾಸ್ಟನ್‌ನಲ್ಲಿ ಅವಳಿ ಅಣ್ಣತಮ್ಮಂದ್ರ ಮಧ್ಯೆ ಕಿಡ್ನಿ ಕಸಿ ಮಾಡಿದ ಜೋಸೆಫ್ ಮರ್ರೆಗೆ 1990ರಲ್ಲಿ. ಹೊಟ್ಟೆ ಮಾತ್ರೆಯೋರಿಗೇ ಎರಡು ವರ್ಷ ಮುಂಚೆ ಸಿಕ್ಕಿದೆ, ನಾನು ತಾತ್ಸಾರ ಮಾಡಿದ್ದಕ್ಕೆ ಇದಕ್ಕಿಂತ ಬೇರೆ ಉಗಿತ ಬೇಕಾ.

ಇನ್ನೊಬ್ರು ಫಾರ್ಮಸಿ ಅಕ್ಕ. ಆಸಿಡ್ ಕಮ್ಮಿಯಾದ್ರೆ ನಾನು ತಗೊಳ್ತಿದ್ದ ಮೈಕೋಫಿನೋಲೇಟ್ ಮೋಫೆಟಿಲ್ ಸರಿಯಾಗಿ ಕರಗಲ್ಲ ಅಂತ ಮೇಡಂಗೆ ನೆನಪಿಸಿ ಕರುಳಲ್ಲಿ ಕರಗೋ ಸೋಡಿಯಂ ನಮೂನೆಗೆ ಬದಲು ಮಾಡಿಸಿದ್ದು ಅವ್ರೇ. ಮನೇಲಿದ್ದ ಪಿಂಕ್ ಸಿರಪ್ ಕೇಳಿದ್ದಕ್ಕೂ "ಅದರಲ್ಲಿ ಅಲ್ಯುಮಿನಿಯಂ ಮೆಗ್ನೀಸಿಯಂ ಇರುತ್ತೆ, ಈ ಮಾತ್ರೆ ಜೊತೆ ಕುಡಿಯೋ ಹಂಗಿಲ್ಲ" ಅಂತ ಚೀಟಿ ಬರೆದು ಡಬ್ಬಿಗೇ ಅಂಟಿಸಿದ್ರು.

ಸ್ಟೀರಾಯ್ಡ್ ಈಗ 5 ಮಿಲಿಗ್ರಾಂಗೆ ಇಳಿದಿದೆ, ಗ್ಯಾಸ್ ಮಾತ್ರೆ ಮುಂದುವರಿಸ್ಬೇಕಾ ಬೇಡ್ವಾ ಅಂತ ಮೇಡಂ ಮುಂದಿನ ವಿಸಿಟ್‌ನಲ್ಲಿ ನೋಡ್ತಾರಂತೆ. ಟ್ಯಾಕ್ರೋ, ಪ್ಯಾಂಟೊಪ್ರಜೋಲ್ ಎರಡೂ ಮೆಗ್ನೀಸಿಯಂ ಇಳಿಸ್ತವೆ ಅಂತ ಅದನ್ನೂ ಚೆಕ್ ಮಾಡ್ತಾರೆ, ರಾತ್ರಿ ಮೀನಖಂಡ ಹಿಡ್ಕೊಳ್ತಿತ್ತು ನಂಗೆ. ನಾಳೆ ರಕ್ತದಲ್ಲಿ ಟ್ಯಾಕ್ರೋ ಎಷ್ಟಿದೆ ಅಂತ ನೋಡೋ ಲೆವೆಲ್ ಟೆಸ್ಟ್, ಟ್ಯಾಕ್ರೋ ತಗೊಳ್ದೆ ಎಂಟು ಗಂಟೆಗೆ ರಕ್ತ ಕೊಡ್ಬೇಕು, ಅಮ್ಮ ಆಗ್ಲೇ ಇಡ್ಲಿ ಡಬ್ಬಿ ತೊಳೆದಿಟ್ಟಿದ್ದಾಳೆ.